ಅಪ್ಪನ ಬಾಯಲ್ಲಿ ನಾಯಕಿಯ ಹಾಡು

ನಮ್ಮಪ್ಪ ಸಿನಿಮಾ ನಾಯಕಿಯ ದನಿಯಲ್ಲಿ ಹಾಡಿದ್ದಾರೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹತ್ತಿರ ಪುರಾವೆಯಿದೆ. ನನ್ನ ಮದುವೆಯ ವಿಡಿಯೋದಲ್ಲಿ ಅಂಚಿನ ಪಂಚೆ, ಹೊಸ ಬಿಳಿ ಶರ್ಟು, ದಪ್ಪ ಮೀಸೆಯ ನಮ್ಮಪ್ಪ ಕಲ್ಯಾಣ ಮಂಟಪದ ನಡುವೆ ಮೈಕು ಹಿಡಿದು ನಿಂತು ಬಾಯಿ ತೆರೆಯುತ್ತಾರೆ. ಹೊರಗೆ ಬರುವುದು ಇಂಪಾದ ಹೆಣ್ಣು ದನಿ. ಹಿಂದೆ ಪಿಟೀಲುಗಳ ಸಾಲು ಬೇರೆ. ಅಪ್ಪ ಕೈ ಎತ್ತಿದರೆ ಆಕೆ ಆಲಾಪ ಶುರು ಮಾಡುತ್ತಾಳೆ. ಅಪ್ಪ ಬಾಯಿ ಮುಚ್ಚಿ ಮೈಕನ್ನು ಪಕ್ಕದವರಿಗೆ ಕೊಟ್ಟ ಮೇಲೂ ಆಕೆ ನಿಲ್ಲಿಸುವುದಿಲ್ಲ.

ಆ ಕಾಲದಲ್ಲಿ ಪೀಣ್ಯದ ಸುತ್ತಮುತ್ತ ಮದುವೆಯಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಮದುವೆಯ ಕ್ಯಾಸೆಟ್ಟಿನಲ್ಲಿ ಮದುವೆಯ ಸದ್ದು ಇರಬಾರದು ಎಂಬುದು ಆಗಿನ ನಿಯಮ. ಪುರೋಹಿತರ ಮಂತ್ರ, ಓಲಗ, ಮಕ್ಕಳ ಅಳು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಶಬ್ದ, ಬೀಗರ ಗೊಣಗಾಟ ಎಲ್ಲವನ್ನೂ ಒರೆಸಿ ಹಾಕಿ, ಅದರ ಜಾಗದಲ್ಲಿ ಉದ್ದಕ್ಕೂ ಸಿನಿಮಾ ಹಾಡುಗಳನ್ನು ಸೇರಿಸಿ ಕೊಡುವುದಕ್ಕೆ ಮಿಕ್ಸಿಂಗ್ ಎಂದು ಹೆಸರು. ಹೆಣ್ಣು ಬರುವಾಗ ಒಂದು ಹಾಡು, ಧಾರೆಗೆ ಒಂದು, ಪಂಕ್ತಿಯಲ್ಲಿ ಅನ್ನ ಬಡಿಸುವಾಗ ಒಂದು ತಮಾಷೆಯ ಹಾಡು, ಕಳಿಸಿಕೊಡುವಾಗ ಎಲ್ಲರೂ ಮತ್ತೊಮ್ಮೆ ಅಳುವಂಥದ್ದೊಂದು. ಮಿಕ್ಸಿಂಗ್ ಇಲ್ಲದ ಕ್ಯಾಸೆಟ್ಟನ್ನು ನೆಂಟರಿಗೆ ತೋರಿಸಲು ಜನ ನಾಚುತ್ತಿದ್ದರು. ರಾಜಗೋಪಾಲನಗರದ ನಮ್ಮ ಬೀದಿಗಳಿಗೆಲ್ಲ ಈ ಸೇವೆ ಸಲ್ಲಿಸುತ್ತಿದ್ದವರು ಒಬ್ಬರೇ, ಮಿಕ್ಸಿಂಗ್ ಮಂಜಣ್ಣ.

ಈ ವಿಡಿಯೋ ನೋಡಿ ನಾವು ಮೂವತ್ತು ವರ್ಷ ನಕ್ಕಿದ್ದೇವೆ. ಹೆಚ್ಚು ನಕ್ಕವರು ಅಪ್ಪನೇ. "ನನ್ನ ಗಂಟ್ಲು ಇಷ್ಟು ಚೆನ್ನಾಗದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು" ಎಂದು ಮೀಸೆ ತಿರುವುತ್ತಿದ್ದರು. ಅಪ್ಪ ಹೋದ ಮೇಲೂ ಅದನ್ನು ಹಾಕಿಕೊಂಡು ನಗುತ್ತಿದ್ದೆವು. ಆದರೆ ಕಳೆದ ವರ್ಷ ಮಗಳು ಸಿಂಚನಾಳ ಮದುವೆ ಗೊತ್ತಾದ ದಿನದಿಂದ ನನಗೆ ಆ ದೃಶ್ಯ ನೋಡಿದರೆ ನಗು ಬರುವುದು ನಿಂತುಹೋಯಿತು. ನಮ್ಮ ಮನೆತನದಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆಯುವಾಗ ಮನೆಯ ಹಿರಿಯ ಹೆಂಗಸು ಒಂದು ಹಾಡು ಹೇಳಬೇಕು. ಅಜ್ಜಿ ಇರುವವರೆಗೆ ಅದು ಅಜ್ಜಿಯ ಕೆಲಸ. ನನ್ನ ಮದುವೆಯ ಹೊತ್ತಿಗೆ ಅಜ್ಜಿ ಇರಲಿಲ್ಲ. ಹೆಂಗಸರು "ನೀ ಹೇಳು, ನೀ ಹೇಳು" ಎಂದು ಒಬ್ಬರನ್ನೊಬ್ಬರು ತಳ್ಳುತ್ತಾ ನಾಚುತ್ತಿದ್ದಾಗ ಅಪ್ಪ ಮೈಕು ಕಿತ್ತುಕೊಂಡು ತಾವೇ ಹಾಡಿಬಿಟ್ಟರಂತೆ. ಜೀವಮಾನದಲ್ಲಿ ಅವರು ಹಾಡಿದ್ದು ಅದೊಂದೇ ಸಲ. ಈಗ ಅಮ್ಮನೂ ಇಲ್ಲ, ಮಗಳ ಮದುವೆಗೆ ಮನೆಯ ಹಿರಿಯ ಹೆಂಗಸು ನಾನು. ಹಾಡಿದರೆ ಅಪ್ಪನ ಹಾಡನ್ನೇ ಹಾಡಬೇಕು ಎಂದು ಮನಸ್ಸು ಹಟ ಹಿಡಿಯಿತು. ತೊಂದರೆ ಇಷ್ಟೇ, ಅದು ಯಾವ ಹಾಡು ಎಂಬುದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನಗುವ ಭರದಲ್ಲಿ, ಅಪ್ಪ ಇದ್ದಾಗ ಅವರನ್ನೇ ಕೇಳಬೇಕೆಂದು ನಮಗೆ ತೋಚಿರಲೇ ಇಲ್ಲ.

ನಾನು ಆಗ ಎಲ್ಲಿದ್ದೆ ಎಂದು ಕೇಳುತ್ತೀರಿ. ಅಲಂಕಾರದ ಕೋಣೆಯಲ್ಲಿದ್ದೆ, ಅಮ್ಮ ನನ್ನ ಜಡೆಗೆ ಹೂವು ಬಿಗಿಯುತ್ತಿದ್ದರು, ಕಿಟಕಿಯ ಆಚೆ ಓಲಗದವರು ಕಿವಿ ಹರಿಯುವಂತೆ ಊದುತ್ತಿದ್ದರು. ನಮ್ಮ ಯಜಮಾನರು ಹಸೆಯ ಪಕ್ಕದಲ್ಲೇ ವರನಾಗಿ ಕೂತಿದ್ದರು. ಅವರನ್ನು ಕೇಳಿದೆ. "ಪೇಟ ಜಾರ್ತಿತ್ತು ಕಣೇ, ನನ್ ಗಮನ ಪೂರ್ತಿ ಅದರ ಮೇಲಿತ್ತು" ಎಂದರು. ಅಂದು ಅಲ್ಲಿದ್ದ ನೆಂಟರನ್ನು ಕೇಳಿದೆ. ಎಲ್ಲರೂ ಹಾಡು ಬಹಳ ಚೆನ್ನಾಗಿತ್ತು ಎಂದರು, ಊಟಕ್ಕೆ ಹೋಳಿಗೆ ಇತ್ತು ಎಂದರು, ಹಾಡಿನ ಒಂದು ಸಾಲೂ ಯಾರಿಗೂ ನೆನಪಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಒಂದು ವಿಷಯ ತಲೆಗೆ ಹೊಕ್ಕರೆ ಅದರ ಇತಿಹಾಸವನ್ನು ಬುಡದಿಂದ ಕೆದಕದೆ ನನಗೆ ಊಟ ಸೇರುವುದಿಲ್ಲ. ಹಾಡು ಸಿಗದ ಸಿಟ್ಟಿನಲ್ಲಿ ಹಾಡಿನ ವಿಡಿಯೋಗಳ ಚರಿತ್ರೆಯನ್ನೇ ಓದಿಕೊಂಡೆ. ಸಿನಿಮಾ ಮಾತು ಕಲಿಯುವ ಮುಂಚೆಯೇ ಪರದೇಶಗಳಲ್ಲಿ ಗಾಜಿನ ಮೇಲೆ ಬಣ್ಣದ ಚಿತ್ರ ಮಾಡಿ, ದೀಪದ ಬೆಳಕಿನಲ್ಲಿ ಪರದೆಗೆ ಬಿಟ್ಟು, ಪಕ್ಕದಲ್ಲಿ ಒಬ್ಬ ಗಾಯಕನನ್ನು ನಿಲ್ಲಿಸಿ ಹಾಡಿಸುತ್ತಿದ್ದರಂತೆ. ಉದ್ದೇಶ ಕಲಾಸೇವೆಯಲ್ಲ, ಹಾಡಿನ ಹಾಳೆಗಳನ್ನು ಮಾರುವುದು. ಆಮೇಲೆ ಕಾಸು ಹಾಕಿದರೆ ಹಾಡಿನ ಜೊತೆಗೆ ಹಾಡುವವರ ಮುಖವೂ ಕಾಣುವ ಪೆಟ್ಟಿಗೆಗಳು ಹೋಟೆಲುಗಳಿಗೆ ಬಂದವು. ಟೀವಿ ಬಂದ ಮೇಲೆ, ಎಲ್ಲ ಸ್ಟುಡಿಯೋಗಳಿಗೂ ಅಲೆಯಲು ಪುರುಸೊತ್ತಿಲ್ಲದ ಗಾಯಕರು ತಮ್ಮ ಬದಲಿಗೆ ತಮ್ಮ ಚಿತ್ರವನ್ನೇ ಕಳಿಸತೊಡಗಿದರು. ನಾವು ಮದುವೆಗೆ ಹೋಗಲಾಗದಿದ್ದರೆ ಉಡುಗೊರೆ ಕಳಿಸಿ ಸುಮ್ಮನಾಗುವುದಿಲ್ಲವೇ, ಹಾಗೆ. ಕೊನೆಗೆ ಹಗಲೂ ರಾತ್ರಿ ಹಾಡನ್ನೇ ತೋರಿಸುವ ಚಾನೆಲ್ಲುಗಳು ಹುಟ್ಟಿಕೊಂಡವು.

ನಮಗೆ ಇಷ್ಟೆಲ್ಲ ಕಷ್ಟ ಇರಲಿಲ್ಲ. ನಮ್ಮ ಸಿನಿಮಾ ಎಂದರೇ ಹಾಡುಗಳ ನಡುವೆ ಅಲ್ಲಲ್ಲಿ ಸ್ವಲ್ಪ ಕತೆ. ವಾರಕ್ಕೊಮ್ಮೆ ಸಂಜೆ ಟೀವಿಯಲ್ಲಿ ಚಿತ್ರಗೀತೆ ಹಾಕುವ ಹೊತ್ತಿಗೆ ನಮ್ಮ ಬೀದಿಯವರೆಲ್ಲ ಟೀವಿ ಇದ್ದ ಮನೆಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಕೂರುತ್ತಿದ್ದೆವು. ಕೇಬಲ್ ಬಂದ ಮೇಲೆ ಫೋನು ಮಾಡಿ ಅಪ್ಪ, ಅಮ್ಮ, ದೊಡ್ಡಪ್ಪನ ಮಕ್ಕಳಿಗೆಲ್ಲ ಹಾಡು ಅರ್ಪಿಸುವ ಹುಚ್ಚು ಹತ್ತಿತು. ಪಕ್ಕದ ಕೋಣೆಯಲ್ಲೇ ಮಲಗಿದ್ದ ಅಪ್ಪನಿಗೆ ಊರೆಲ್ಲ ಕೇಳುವಂತೆ ಹಾಡು ಅರ್ಪಿಸಿದವಳು ನಾನು. ಆಮೇಲೆ ಸಿನಿಮಾದ ಹಂಗಿಲ್ಲದ ಗಾಯಕರು ತಮ್ಮದೇ ಆಲ್ಬಮ್ ಮಾಡಿ, ಅದರ ವಿಡಿಯೋಗಳಲ್ಲಿ ಜೀಪು ಹತ್ತಿ ಮರುಭೂಮಿಯಲ್ಲಿ ಹಾಡತೊಡಗಿದರು. ಈಗ ಎಲ್ಲವೂ ಫೋನಿಗೆ ಇಳಿದಿದೆ. ಒಂದು ಬಗೆಯಲ್ಲಿ ಚಿತ್ರವೇ ಇಲ್ಲ, ಬರೀ ಸಾಹಿತ್ಯದ ಅಕ್ಷರಗಳು ಹಾರಿ ಬರುತ್ತವೆ. ಇನ್ನೊಂದರಲ್ಲಿ ಹಾಡಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ, ಸೊಂಟ ಮಾತ್ರ ಇದೆ, ಅದಕ್ಕೆ ರೀಲ್ಸ್ ಎನ್ನುತ್ತಾರೆ.

ಇಷ್ಟು ಓದಿದ ಮೇಲೆ ನನಗೊಂದು ಸತ್ಯ ಹೊಳೆಯಿತು, ಇದನ್ನು ನಾನು ಯಾವ ಸಭೆಯಲ್ಲಾದರೂ ಎದೆ ತಟ್ಟಿ ಹೇಳಬಲ್ಲೆ. ಜಗತ್ತಿನಲ್ಲೆಲ್ಲ ಮೊದಲು ಹಾಡು ಸಿದ್ಧವಾಗುತ್ತದೆ, ಆಮೇಲೆ ಅದಕ್ಕೆ ತಕ್ಕಂತೆ ತುಟಿ ಆಡಿಸಿ ಚಿತ್ರ ತೆಗೆಯುತ್ತಾರೆ. ಮೊದಲು ಚಿತ್ರ ತೆಗೆದು, ಅದರಲ್ಲಿ ನಿಜವಾಗಿ ಹಾಡುತ್ತಿದ್ದವರ ಹಾಡನ್ನು ಒರೆಸಿ, ಬೇರೆಯವರ ಹಾಡನ್ನು ಅಂಟಿಸಿದ ಕೀರ್ತಿ ಮಂಜಣ್ಣ ಮತ್ತು ಅವರಂಥವರಿಗೆ ಸಲ್ಲಬೇಕು. ಪಾಠದ ಪುಸ್ತಕದವರು ಇದನ್ನು ಇನ್ನೂ ಗುರುತಿಸಿಲ್ಲ.

ಆ ಕೀರ್ತಿವಂತರನ್ನೇ ಹುಡುಕಿಕೊಂಡು ಹೋದೆ. ಮಂಜಣ್ಣನಿಗೆ ಈಗ ತಲೆ ಬೆಳ್ಳಗಾಗಿದೆ. ಅಂಗಡಿಯಲ್ಲಿ ಡ್ರೋನು, ಎರಡು ಕಂಪ್ಯೂಟರು, ಎ.ಸಿ. ಎಲ್ಲ ಇವೆ. ಒರೆಸುವ ಮುಂಚಿನ ಮೂಲ ಕ್ಯಾಸೆಟ್ಟು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ.

"ಅಯ್ಯೋ ಅಕ್ಕ, ಅದು ಆವಾಗ್ಲೇ ಹೋಯ್ತು. ಒಂದ್ ಮದ್ವೆ ಮುಗಿದ್ರೆ ಅದೇ ಟೇಪಲ್ಲಿ ಮುಂದಿನ್ ಮುಹೂರ್ತ ಶೂಟ್ ಮಾಡ್ತಿದ್ವಿ. ನಿಮ್ ಮದ್ವೆ ಮೇಲೆ ಇನ್ನೆಷ್ಟು ಮದ್ವೆ ಆಗೋಗಿದ್ಯೋ!" ಎಂದರು. ಆಮೇಲೆ ಮುಖ ಅರಳಿಸಿ ಕೇಳಿದರು: "ಆದ್ರೂ ನಿಮ್ ತಂದೆ ಸೀನ್‌ಗೆ ಎಂಥಾ ಸಾಂಗ್ ಹಾಕಿದ್ದೆ ನೋಡಿ, ಇವತ್ತಿಗೂ ಹಂಗೆ ಫ್ರೆಶ್ಶಾಗಿದೆ, ಅಲ್ವಾ?"

ಜಗಳವಾಡಲು ಹೋದವಳು ಅವರ ಹೆಮ್ಮೆ ನೋಡಿ ಮಗಳ ಮದುವೆಯ ವಿಡಿಯೋವನ್ನೂ ಅವರಿಗೇ ವಹಿಸಿ ಬಂದೆ. ಗೊತ್ತಿರುವ ಕಳ್ಳನೇ ವಾಸಿ ಎಂದು ಯಜಮಾನರು ಹಂಗಿಸಿದರು.

ಈಗಿನ ಮದುವೆಗೆ ಮುಂಚೆಯೇ ಒಂದು ಹಾಡಿನ ಚಿತ್ರೀಕರಣ ಆಗಬೇಕಲ್ಲ, ಜಿಗಣಿಯ ಹತ್ತಿರದ ಒಂದು ಹಳೆಯ ಕಲ್ಲು ಕ್ವಾರಿಗೆ ಎಲ್ಲರೂ ಹೋದೆವು. ಮಗಳು ಉದ್ದನೆಯ ಹಳದಿ ಗೌನು ತೊಟ್ಟಿದ್ದಳು, ಅದರ ತುದಿ ಹಿಡಿದು ಎಸೆದು ಎಸೆದು ನನ್ನ ತೋಳು ನೊಂದಿತು. ಭಾವೀ ಅಳಿಯ ನಿಶಾಂತ್ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ದಿನವಿಡೀ ಮೀಟಿಂಗುಗಳಲ್ಲಿ ಮಾತಾಡುವ ಹುಡುಗ. ಹಾಡಿಗೆ ತುಟಿ ಆಡಿಸು ಎಂದರೆ ಮಾತ್ರ ಬಾಯಿ ತೆರೆಯಲೊಲ್ಲ.

"ಸಾರ್, ತುಟಿ ಕಾಣ್ಬೇಕು, ತುಟಿ! ಬಾಯೊಳಗೇ ಹೇಳ್ಕೊಂಡ್ರೆ ಆಗಲ್ಲ" ಎಂದು ಮಂಜಣ್ಣ ಕೂಗಿ ಕೂಗಿ ಸುಸ್ತಾದರು.

"ನೋಡಪ್ಪಾ, ಹಿಂಗೆ" ಎಂದು ಕೊನೆಗೆ ನಾನೇ ಮುಂದೆ ಹೋಗಿ, ದನಿಯಿಲ್ಲದೆ, ದವಡೆ ಅಗಲಿಸಿ, ಒಂದೊಂದು ಅಕ್ಷರವನ್ನೂ ತುಟಿಯಲ್ಲೇ ಕೆತ್ತಿ ತೋರಿಸಿದೆ. ಎಲ್ಲರೂ ಬೆರಗಾದರು. ಮಗಳು "ಅಮ್ಮ, ಸಕ್ಕತ್ತಾಗಿ ಮಾಡ್ತೀಯಲ್ಲ, ಎಲ್ಲಿ ಕಲಿತೆ?" ಎಂದಳು.

ಎಲ್ಲಿ ಎಂದರೆ ಅಪ್ಪನ ಹತ್ತಿರ. ಅಪ್ಪ ದುಡಿದಿದ್ದು ಸರ್ಕಾರಿ ಕಾರ್ಖಾನೆಯೊಂದರ ಮಿಷನ್ ಶಾಪಿನಲ್ಲಿ. ಅಲ್ಲಿಯ ಗದ್ದಲದಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲವಂತೆ. ಹಾಗಾಗಿ ಅಲ್ಲಿದ್ದವರೆಲ್ಲ ದೂರದಿಂದಲೇ ತುಟಿಗಳನ್ನು ದೊಡ್ಡದಾಗಿ ಆಡಿಸಿ, ತುಟಿಗಳನ್ನೇ ಓದಿ, ಟೀ ಆಯಿತೇ, ಮೇಸ್ತ್ರಿ ಬಂದ ಎಂಬುದನ್ನೆಲ್ಲ ಮಾತಾಡಿಕೊಳ್ಳುತ್ತಿದ್ದರು. ಆ ಅಭ್ಯಾಸ ಅಪ್ಪನ ಜೊತೆ ಮನೆಗೂ ಬಂದಿತ್ತು. ಟೀವಿ ಜೋರಾಗಿದ್ದರೆ ಅದನ್ನು ಕಡಿಮೆ ಮಾಡಿ ಎನ್ನುತ್ತಿರಲಿಲ್ಲ, ಕೋಣೆಯ ಆ ತುದಿಯಿಂದ ದನಿಯೇ ಇಲ್ಲದೆ "ಮಗಳೆ, ನೀರು" ಎನ್ನುತ್ತಿದ್ದರು. ನಾನು ಓದಿಕೊಂಡು ನೀರು ತಂದುಕೊಡುತ್ತಿದ್ದೆ. ಅಮ್ಮನಿಗೆ ಈ ವಿದ್ಯೆ ಕೊನೆಯವರೆಗೂ ಹತ್ತಲಿಲ್ಲ, ನಮ್ಮಿಬ್ಬರ ಮೇಲೆ ಅವರಿಗೆ ಸಣ್ಣ ಹೊಟ್ಟೆಯುರಿ ಇತ್ತು.

ಇಷ್ಟು ಹೇಳಿದ ಮೇಲೆ ನಿಮಗೆ ಎಲ್ಲ ಹೊಳೆದಿರಬೇಕು. ನನಗೆ ಮಾತ್ರ ಹೊಳೆದಿರಲಿಲ್ಲ ಎನ್ನುವುದನ್ನು ನಂಬಿ. ಇತಿಹಾಸವನ್ನೆಲ್ಲ ಕುಡಿದು ಕೂತಿದ್ದವಳಿಗೆ ಕಣ್ಣೆದುರಿನ ಮೀಸೆಯ ಕೆಳಗೆ ಏನಿದೆ ಎಂದು ತೋಚಲಿಲ್ಲ. ಅದು ತೋಚಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು, ಮಗಳು ಮತ್ತೆ ಆ ವಿಡಿಯೋ ಹಾಕಿಕೊಂಡು ಕೂತಿದ್ದೆವು. ನಾಯಕಿ ಅಪ್ಪನ ಬಾಯಲ್ಲಿ ಪಲ್ಲವಿ ಎತ್ತಿಕೊಂಡಳು. ಅಷ್ಟರಲ್ಲಿ ಮಗಳಿಗೆ ನಿಶಾಂತನ ಫೋನು ಬಂತು.

"ಒಂದ್ ನಿಮಿಷ ಮ್ಯೂಟ್ ಮಾಡ್ತೀನಿ ಅಮ್ಮ" ಎಂದು ರಿಮೋಟು ಒತ್ತಿ ಅವಳು ಬಾಲ್ಕನಿಗೆ ಹೋದಳು.

ಮೂವತ್ತು ವರ್ಷದಲ್ಲಿ ಆ ವಿಡಿಯೋವನ್ನು ಯಾರೂ ದನಿ ಆರಿಸಿ ನೋಡಿರಲಿಲ್ಲ. ಹಾಡಿಲ್ಲದ ಮದುವೆಯ ವಿಡಿಯೋ ಯಾರು ನೋಡುತ್ತಾರೆ? ನಾಯಕಿ ಬಾಯಿ ಮುಚ್ಚಿದಳು. ಅಪ್ಪ ಮೈಕನ್ನು ಎದೆಯ ಹತ್ತಿರ ಹಿಡಿದಿದ್ದರು, ಮಿಷನ್ನುಗಳ ನಡುವೆ ಬೆಳೆದ ಗಂಟಲಿಗೆ ಮೈಕು ಬಾಯ ಹತ್ತಿರ ಬೇಕಿರಲಿಲ್ಲ. ಆದ್ದರಿಂದ ತುಟಿಗಳು ಪೂರ್ತಿ ಕಾಣುತ್ತಿದ್ದವು. ಅವು ನಿಧಾನವಾಗಿ ಮುಚ್ಚಿ, ತೆರೆದು, ಚೂಪಾಗಿ, ಮತ್ತೆ ತೆರೆದವು. ನಾನು ನೀರು ತರಲು ಎದ್ದುನಿಂತಿದ್ದೆ. ನಿಜ ಹೇಳುತ್ತೇನೆ, ಕಾಲುಗಳು ತಾವಾಗಿಯೇ ಎದ್ದಿದ್ದವು. ಏಕೆಂದರೆ ಅಪ್ಪ ನನಗೆ ಚೆನ್ನಾಗಿ ಗೊತ್ತಿದ್ದ ಆ ಮಾತನ್ನು ಹೇಳಿದ್ದರು, "ಮಗಳೆ."

ಕೂತುಕೊಂಡು ಹಿಂದಕ್ಕೆ ಹಾಕಿ ನೋಡಿದೆ. ಮತ್ತೆ ನೋಡಿದೆ. ಮಗಳು ಫೋನು ಮುಗಿಸಿ ಬರುವ ಹೊತ್ತಿಗೆ ನನ್ನ ಬಳಿ ಎರಡು ಸಾಲು ಇದ್ದವು.

ಮಣೆಯ ಹಾಕಿವ್ನಿ ಕೂರೆ ಮಗಳೆ
ನಿಂತ ಕಾಲು ನೊಂದಾವು

"ಅಮ್ಮ, ಯಾಕೆ ಅಳ್ತಿದ್ದೀಯ?" ಎಂದು ಮಗಳು ಗಾಬರಿಯಾದಳು. ಅಳುತ್ತಿದ್ದೆ, ಹೌದು. ಅಪ್ಪ ಹೋದಾಗ ಕೂಡ ಬಂದವರನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಅಷ್ಟು ಅತ್ತಿರಲಿಲ್ಲ.

ಎರಡು ಸಾಲಿನ ಮುಂದೆ ಏನಿತ್ತು ಎಂದು ಕೇಳಬೇಡಿ, ಮುಂದೆ ತಾವರೆ ಇತ್ತು. ಮಂಜಣ್ಣ ಅಪ್ಪನ ಮುಖವನ್ನು ಒಂದು ಗುಲಾಬಿ ಬಣ್ಣದ ತಾವರೆಯೊಳಗೆ ಇಟ್ಟು ಗರಗರ ತಿರುಗಿಸಿದ್ದರು. ತಿರುಗುವ ಬಾಯನ್ನು ಓದುವ ವಿದ್ಯೆ ಮಿಷನ್ ಶಾಪಿನಲ್ಲೂ ಕಲಿಸುವುದಿಲ್ಲ.

ಮರುದಿನವೇ ರಜೆ ಹಾಕಿ ಜಿಗಣಿಗೆ ಹೋದೆ. ಅಲ್ಲಿ ಅಪ್ಪನ ತಂಗಿ ಪುಟ್ಟತ್ತೆ ಇದ್ದಾರೆ. ಒಂದು ಕಾಲಕ್ಕೆ ರಾಗಿ ಬೆಳೆದ ಜಮೀನಿನಲ್ಲಿ ಈಗ ಕಾರ್ಖಾನೆಯ ಕೆಲಸಗಾರರಿಗೆ ಬಾಡಿಗೆ ಕೋಣೆ ಕಟ್ಟಿಸಿ, ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ರೀಲ್ಸ್ ನೋಡುತ್ತಾರೆ. ನನ್ನ ಮದುವೆಯ ಹೊತ್ತಿಗೆ ಅವರು ಬಾಣಂತಿಯಾಗಿದ್ದರಿಂದ ಬಂದಿರಲಿಲ್ಲ. ಮೊದಲೊಮ್ಮೆ ಫೋನಿನಲ್ಲಿ ಕೇಳಿದ್ದಾಗ "ನಮ್ಮಣ್ಣ? ಆಡಾ? ಅವ್ನು ಆಡಿದ್ನ ನಾ ಕೇಳೇ ಇಲ್ಲ ಕಣವ್ವ" ಎಂದು ಮಾತು ಮುಗಿಸಿದ್ದರು. ಈಗ ನನ್ನ ಫೋನಿನಲ್ಲಿ ವಿಡಿಯೋ ಹಾಕಿ ಮುಂದೆ ಹಿಡಿದೆ.

"ಮೊದ್ಲು ಆ ಎಂಗ್ಸಿನ ಬಾಯಿ ಮುಚ್ಸು" ಎಂದರು ಪುಟ್ಟತ್ತೆ. ಮುಚ್ಚಿಸಿದೆ. ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು ಅಣ್ಣನನ್ನು ನೋಡಿದರು. ನಾನು ಸಿಕ್ಕಿದ ಎರಡು ಸಾಲನ್ನು ರಾಗವಿಲ್ಲದೆ, ಪಾಠ ಓದಿದ ಹಾಗೆ ಹೇಳಿದೆ.

"ಅಯ್ ನನ್ನವ್ವ! ಇದು ನಮ್ಮವ್ವಂದು ಕಣೇ! ರಾಗಿ ಬೀಸ್ವಾಗ್ಲೂ ಇದ್ನೇ ಏಳೋಳು. ನಮ್ಮಣ್ಣ ಮಗ್ಗುಲಲ್ಲಿ ಮನಗಿರೋನು. ಇಂಗೆ ಕದ್ದು ಮಡೀಕೊಂಡವ್ನೆ ಅಂತ ಯಾರಿಗ್ ಗೊತ್ತು?" ಎಂದು ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮತ್ತೆ ಮೊದಲಿನಿಂದ ಹಾಕಿಸಿ, ಹಾಡತೊಡಗಿದರು. ಮೊದಲ ಸಲ ಅತ್ತೆ ಮುಂದೆ ಹೋದರು, ಅಪ್ಪ ಹಿಂದೆ ಬಿದ್ದರು. ಮೂರನೆಯ ಸಲಕ್ಕೆ ತಂಗಿಯ ದನಿ ಅಣ್ಣನ ತುಟಿಗಳ ಮೇಲೆ ಸರಿಯಾಗಿ ಕೂತಿತು. ತಾವರೆ ಬಂದು ತಿರುಗತೊಡಗಿದರೂ ಅತ್ತೆ ನಿಲ್ಲಿಸಲಿಲ್ಲ.

ಹೋಗೋ ದಾರಿ ದೂರವಲ್ಲ
ಬರೋ ದಾರಿ ಮರಿಬ್ಯಾಡ

ಅಪ್ಪ ನನ್ನನ್ನು ಕೊಟ್ಟಿದ್ದು ರಾಜಗೋಪಾಲನಗರದಲ್ಲೇ ಎರಡು ಬೀದಿ ಆಚೆಗೆ. ಆದರೂ ದಾರಿ ಮರೆಯಬೇಡ ಎಂದಿದ್ದರು. ಆ ಮಾತು ಅಷ್ಟು ವರ್ಷ ಒಂದು ತಾವರೆಯ ಹಿಂದೆ ತಿರುಗುತ್ತಲೇ ಇತ್ತು. ನಾನು ಗೊತ್ತಿಲ್ಲದೆಯೇ ಅದನ್ನು ಪಾಲಿಸಿದ್ದೆ, ಅಪ್ಪ ಇರುವವರೆಗೆ ಸಂಜೆ ಒಂದು ಸುತ್ತು ತವರಿಗೆ ಹೋಗಿ ಬಾರದ ದಿನ ಕಡಿಮೆ. ಇದನ್ನು ನೆನೆದು ನನಗೆ ಬಹಳ ಸಮಾಧಾನವಾಯಿತು.

ಆಮೇಲಿನ ದಿನಗಳಲ್ಲಿ ನಾನು ಅಡುಗೆಮನೆಯಲ್ಲಿ, ಸ್ಕೂಟರಿನ ಮೇಲೆ, ಸ್ಕೂಲಿನ ಮೆಟ್ಟಿಲ ಮೇಲೆ ಆ ಹಾಡನ್ನೇ ಗುನುಗಿದೆ. ನನ್ನ ದನಿ ಗದ್ದಲದ ತರಗತಿಯನ್ನು ಅಡಗಿಸಲು ಹುಟ್ಟಿದ್ದು, ಸಂಗೀತಕ್ಕಲ್ಲ. ಯಜಮಾನರು ಎರಡು ದಿನ ಸಹಿಸಿ, ಮೂರನೆಯ ದಿನದಿಂದ ವಾಕಿಂಗಿನ ಹೊತ್ತನ್ನು ಹೆಚ್ಚಿಸಿಕೊಂಡರು. ನಾನು ಅಂಜಲಿಲ್ಲ. ನಮ್ಮ ಮನೆತನದಲ್ಲಿ ಇದಕ್ಕೆ ಬೇಕಾದದ್ದು ಕಂಠವಲ್ಲ, ಮೈಕು ಕಿತ್ತುಕೊಳ್ಳುವ ಧೈರ್ಯ ಎಂದು ಅಪ್ಪ ಆಗಲೇ ತೋರಿಸಿಕೊಟ್ಟಿದ್ದರು.

ಮದುವೆಯ ದಿನ ಬಂತು. ಹೆಂಗಸರು ವಾಡಿಕೆಯಂತೆ ಒಬ್ಬರನ್ನೊಬ್ಬರು ತಳ್ಳುತ್ತಾ ನಾಚಲು ಶುರು ಮಾಡಿದರು. ನಾನು ಹೋಗಿ ಮೈಕು ತೆಗೆದುಕೊಂಡೆ. ಅಲಂಕಾರದ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದ ಓಲಗದವರಿಗೆ ಕೈಸನ್ನೆ ಮಾಡಿ ಊದುವುದನ್ನು ನಿಲ್ಲಿಸಿದೆ, ಬಾಗಿಲು ತೆಗೆಸಿ ಇಟ್ಟೆ. ನಾನು ತಪ್ಪಿಸಿಕೊಂಡದ್ದನ್ನು ನನ್ನ ಮಗಳು ತಪ್ಪಿಸಿಕೊಳ್ಳಬಾರದಲ್ಲ. ಮೈಕನ್ನು ಎದೆಯ ಹತ್ತಿರ ಹಿಡಿದು, ತುಟಿಗಳು ಚೆನ್ನಾಗಿ ಕಾಣುವಂತೆ, ಅಜ್ಜಿಯ ಹಾಡನ್ನು ಹಾಡಿದೆ. ಶ್ರುತಿ ಎಲ್ಲಿಗೆ ಹೋಯಿತೋ ಹೋಗಲಿ. ಕೋಣೆಯ ಬಾಗಿಲಲ್ಲಿ ಹೂವಿನ ಜಡೆಯ ಸಿಂಚನಾ ಬಂದು ನಿಂತಳು. "ಮಗಳೆ" ಎಂಬಲ್ಲಿಗೆ ಬಂದಾಗ ದನಿಯಿಲ್ಲದೆ ನನ್ನ ತುಟಿ ಮಾತ್ರ ಆಡಿತು. ಅವಳಿಗೆ ಅರ್ಥವಾಯಿತು, ತಲೆಯಾಡಿಸಿದಳು. ಪುಟ್ಟತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಮುಂದಿನ ಸಾಲು ಎತ್ತಿಕೊಂಡರು, ನಾನು ಅವರ ಹಿಂದೆ ಹೋದೆ.

ಹಾಡು ಮುಗಿದು ಮೈಕು ಕೆಳಗಿಟ್ಟೆ. ಕ್ಯಾಮೆರಾದ ಹಿಂದಿನಿಂದ ಮಂಜಣ್ಣ ಎದ್ದು, ಬೆವರು ಒರೆಸಿಕೊಳ್ಳುತ್ತಾ, ಮೆಲ್ಲಗೆ ನನ್ನ ಪಕ್ಕಕ್ಕೆ ಬಂದರು.

"ಸೂಪರಾಗಿ ಬಂದಿದೆ ಅಕ್ಕ, ಕ್ಲೋಸಪ್ಪಲ್ಲಿ ತೆಗ್ದಿದೀನಿ. ಇದಕ್ಕೆ ಯಾವ್ ಸಾಂಗ್ ಹಾಕ್ಲಿ?" ಎಂದರು.

"ಏನೂ ಹಾಕ್ಬೇಡಿ ಮಂಜಣ್ಣ, ಅದರಲ್ಲಿ ಆಗ್ಲೇ ಒಂದಿದೆ" ಎಂದೆ.